ಮಗಳು ಬಂದರೂ ಮುಖ ಅರಳುವುದಿಲ್ಲ: ಪಾರ್ಕಿನ್ಸನ್ ಇರುವ ಅಪ್ಪನೊಬ್ಬರ ಪ್ರಶ್ನೆ

ಪ್ರಶ್ನೆ (ಗಂಗಾವತಿಯ ಸದಸ್ಯರು):

ಮೇಡಂ, ನಮಸ್ಕಾರ. ನನಗೆ 64 ವರ್ಷ. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಬರೆಯುತ್ತಾ ಬರೆಯುತ್ತಾ ಅಕ್ಷರ ಇರುವೆ ಸಾಲಿನ ಹಾಗೆ ಸಣ್ಣದಾಗತೊಡಗಿತು. ತೋರಿಸಿದಾಗ ಪಾರ್ಕಿನ್ಸನ್ ಅಂದರು. ಸಿಂಡೋಪಾ ಮಾತ್ರೆ ನಡೆಯುತ್ತಿದೆ. ಒಬ್ಬಳೇ ಮಗಳು, ಬೆಂಗಳೂರಿನಲ್ಲಿ ಕೆಲಸ.

ಹೋದ ಸಲ ಬಂದಾಗ ಪ್ರಮೋಷನ್ ಆಯ್ತು ಅಂತ ಹೇಳಿದಳು. ನನಗೆ ಹೊಟ್ಟೆ ತುಂಬಾ ಖುಷಿ. ಆದರೆ ಅವಳು ನನ್ನ ಮುಖ ನೋಡಿ, "ಅಪ್ಪಾ, ನಿನಗೆ ಖುಷಿನೇ ಆಗಲಿಲ್ವಾ?" ಅಂದು ಎದ್ದು ಒಳಗೆ ಹೋದಳು. ಊಟಕ್ಕೆ ಕೂತರೆ ರೊಟ್ಟಿ ಮುರಿದು, ಪಲ್ಯ ಹಚ್ಚಿ ಬಾಯಿಗೇ ಇಡುತ್ತಾಳೆ. ಬೇಡ ಅಂದರೆ ಕಣ್ಣಲ್ಲಿ ನೀರು. ಈಗ ಕೆಲಸ ಬಿಟ್ಟು ಊರಿಗೆ ಬರುತ್ತೇನೆ, ಮದುವೆನೂ ಬೇಡ ಅನ್ನುತ್ತಿದ್ದಾಳೆ. ಮೊದಲಿನ ಹಾಗೆ ನಾವಿಬ್ಬರೂ ಹರಟೆ ಹೊಡೆದುಕೊಂಡು ಇರೋಕೆ ಏನಾದರೂ ದಾರಿ ಇದೆಯಾ?

ಉತ್ತರ (ನರರೋಗ ತಜ್ಞೆ, ಬಳ್ಳಾರಿ):

ಸರ್, ಮೊದಲು ಈ ಉತ್ತರವನ್ನು ಮಗಳಿಗೆ ಫಾರ್ವರ್ಡ್ ಮಾಡಿ. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಬಹುದು.

ಪಾರ್ಕಿನ್ಸನ್‌ನಲ್ಲಿ ಮೆದುಳಿನೊಳಗೆ ಡೋಪಮಿನ್, ಅಂದರೆ ಚಲನೆಗೆ ಬೇಕಾದ ರಾಸಾಯನಿಕ, ತಯಾರಿಸುವ ಕೋಶಗಳು ನಿಧಾನಕ್ಕೆ ಸಾಯುತ್ತವೆ. ಅದರಿಂದ ಕೈಕಾಲಿನ ಚಲನೆ ಹೇಗೆ ನಿಧಾನವಾಗುತ್ತದೋ, ಮುಖದ ಸ್ನಾಯುಗಳದ್ದೂ ಹಾಗೇ. ನಗು ಮೂಡುವುದಿಲ್ಲ, ರೆಪ್ಪೆ ಬಡಿಯುವುದೂ ಕಡಿಮೆ. ಒಳಗಿನ ಖುಷಿ ಇದ್ದ ಹಾಗೇ ಇರುತ್ತದೆ, ಮುಖಕ್ಕೆ ಬರುವುದಿಲ್ಲ ಅಷ್ಟೇ. ಕೈ ನಡುಗಿದರೆ ಕಾಯಿಲೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಮುಖ ಅರಳದಿದ್ದರೆ ಮಾತ್ರ ಸಿಟ್ಟು, ಬೇಸರ, ಅಪ್ಪ ಬದಲಾಗಿಬಿಟ್ಟ ಅಂತ ಲೆಕ್ಕ ಹಾಕುತ್ತಾರೆ. ನನ್ನ ಕ್ಲಿನಿಕ್ಕಿಗೆ ಬರುವ ಮನೆಗಳಲ್ಲಿ ನಡುಕಕ್ಕಿಂತ ಜಾಸ್ತಿ ಮನಸ್ತಾಪ ತರುವುದು ಇದೇ.

ಹಾಗಾಗಿ ಮುಖ ಮಾಡದ ಕೆಲಸವನ್ನು ಬಾಯಲ್ಲಿ ಮಾಡಿ. "ಮಗಳೇ, ಭಾಳ ಖುಷಿ ಆಯ್ತು" ಅಂತ ಬಾಯಿಬಿಟ್ಟು ಹೇಳಿ. ನಮ್ಮ ಕಡೆ ಗಂಡಸರಿಗೆ ಇದು ನಡುಕಕ್ಕಿಂತ ಕಷ್ಟ, ಗೊತ್ತು! ಆದರೂ ಹೇಳಿ. ಸ್ವಲ್ಪ ಜೋರಾಗಿಯೇ ಹೇಳಿ, ಯಾಕೆಂದರೆ ದನಿಯೂ ಇಳಿದಿರುತ್ತದೆ. ನಿಮ್ಮ ಕಿವಿಗೆ ಸರಿಯಾಗೇ ಮಾತಾಡಿದಂತೆ ಅನಿಸುತ್ತದೆ, ಎದುರಿಗಿದ್ದವರಿಗೆ ಗುಣುಗುಣು ಅಂತ ಕೇಳುತ್ತದೆ. ಕೂಗಿದಂತೆ ಅನಿಸುವಷ್ಟು ದನಿ ಎತ್ತಿದರೆ ಸರಿಹೋಗುತ್ತದೆ. ಇದನ್ನು ಅಭ್ಯಾಸ ಮಾಡಿಸುವ ಸ್ಪೀಚ್ ಥೆರಪಿಯೂ ಇದೆ.

ಒಂದು ಮಾತು ಮಾತ್ರ ನೀವೇ ನೋಡಿಕೊಳ್ಳಬೇಕು. ನಿಜವಾಗಿಯೂ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ, ಮೊಮ್ಮಕ್ಕಳಂಥ ಮಕ್ಕಳು ಮುಂದೆ ಆಡಿದರೂ ಏನೂ ಅನಿಸುವುದಿಲ್ಲ ಅಂತಾದರೆ ಅದು ಮುಖದ ಸ್ನಾಯುವಿನ ವಿಷಯವಲ್ಲ. ಈ ಕಾಯಿಲೆಯಲ್ಲಿ ಖಿನ್ನತೆ ಬರುವುದು ಬಹಳ ಸಾಮಾನ್ಯ, ಅದಕ್ಕೂ ಔಷಧಿ ಇದೆ. ನಿಮ್ಮ ಡಾಕ್ಟರಿಗೆ ಮುಚ್ಚಿಡಬೇಡಿ.

ರೊಟ್ಟಿ ವಿಷಯ. ಯಾರಾದರೂ ಕೈಯನ್ನೇ ದಿಟ್ಟಿಸುತ್ತಾ ಕೂತರೆ ನಡುಕ ಹೆಚ್ಚುತ್ತದೆ. ಮಗಳು ನೋಡುತ್ತಾಳೆ, ಕೈ ನಡುಗುತ್ತದೆ, ಅವಳು ತುತ್ತು ಇಡುತ್ತಾಳೆ, ನೀವು ಮುನಿಯುತ್ತೀರಿ. ಇಬ್ಬರದ್ದೂ ತಪ್ಪಲ್ಲ. ಅವಳೂ ತಟ್ಟೆ ಹಾಕಿಕೊಂಡು ಜೊತೆಗೇ ಉಣ್ಣಲಿ, ಕಣ್ಣು ನಿಮ್ಮ ಕೈ ಮೇಲಿರುವುದಿಲ್ಲ. ಊಟಕ್ಕೆ ಮುಕ್ಕಾಲು ಗಂಟೆ ಆದರೆ ಆಗಲಿ. ಅಂಚು ಎತ್ತರದ ತಟ್ಟೆ, ಹಿಡಿ ದಪ್ಪಗಿರುವ ಚಮಚ ಇಟ್ಟುಕೊಳ್ಳಿ. ಬೇಕಾದಾಗ ನಾನೇ ಕೇಳುತ್ತೇನೆ ಅಂತ ಮಾತು ಮಾಡಿಕೊಳ್ಳಿ, ಮತ್ತೆ ನಿಜವಾಗಿಯೂ ಕೇಳಿ. ಆದರೆ ಉಣ್ಣುವಾಗ ಕೆಮ್ಮು ಬರುತ್ತಿದ್ದರೆ ಕಡಕ್ ರೊಟ್ಟಿ ಬೇಡ. ಬಿಸಿ ಮೆತ್ತನೆಯ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನಿ, ಡಾಕ್ಟರಿಗೂ ತಿಳಿಸಿ. ನುಂಗುವ ತೊಂದರೆಯನ್ನು ಹಗುರವಾಗಿ ತಗೊಳ್ಳಬಾರದು.

ಕೆಲಸ ಬಿಡುವುದು ಈಗಲೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಇದು ವರ್ಷಗಟ್ಟಲೆ ನಿಧಾನಕ್ಕೆ ಸಾಗುವ ಕಾಯಿಲೆ, ಒಬ್ಬೊಬ್ಬರಲ್ಲಿ ಒಂದೊಂದು ಥರ. ನಿಮ್ಮ ಕೆಲಸ ನೀವೇ ಮಾಡಿಕೊಳ್ಳುವಾಗ ಅವಳು ಬಂದು ಕೂತರೆ ಇಬ್ಬರಿಗೂ ಉಸಿರು ಕಟ್ಟುತ್ತದೆ. ಅವಳಿಗೆ ನಿಗದಿಯಾದ ಒಂದು ಜವಾಬ್ದಾರಿ ಕೊಡಿ. ಮಾತ್ರೆ ಮುಗಿಯುವ ಮುಂಚೆ ತರಿಸುವುದು, ಡಾಕ್ಟರ್ ಭೇಟಿಯ ದಿನ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬಂದು ಜೊತೆಗಿರುವುದು, ಇಂಥದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪಾರ್ಕಿನ್ಸನ್ ಕೂಡ ಸೇರಿದೆ. ಯುಡಿಐಡಿ ಕಾರ್ಡಿನ, ಅಂದರೆ ಅಂಗವಿಕಲರ ಗುರುತಿನ ಚೀಟಿಯ, ಓಡಾಟವನ್ನೂ ಅವಳಿಗೇ ವಹಿಸಬಹುದು. ಅವಳ ಅಳು ನಿಲ್ಲದಿದ್ದರೆ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಮಾಡಲಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮದುವೆ ಬೇಡ ಅನ್ನುವುದರ ಹಿಂದೆ "ನನಗೂ ಬರುತ್ತದಾ" ಅನ್ನುವ ಭಯ ಇರಬಹುದು. ಮೆಲ್ಲಗೆ ಕೇಳಿ ನೋಡಿ. ಬಹುತೇಕರಿಗೆ ಇದು ವಂಶದಿಂದ ಬಂದದ್ದಲ್ಲ. ಚಿಕ್ಕ ವಯಸ್ಸಿನಲ್ಲೇ ಶುರುವಾಗಿದ್ದರೆ, ಮನೆತನದಲ್ಲಿ ಹಲವರಿಗೆ ಇದ್ದರೆ ಮಾತ್ರ ಜೀನ್ ಪರೀಕ್ಷೆ ಬಗ್ಗೆ ಯೋಚಿಸುತ್ತೇವೆ.

ಸಿಂಧನೂರಿನ ಸದಸ್ಯ: ಮೇಡಂ, ನಮ್ಮಪ್ಪನಿಗೂ ಇದೇ ಕಾಯಿಲೆ. ಜೀವಮಾನದಲ್ಲಿ ಇಸ್ಪೀಟು ಮುಟ್ಟಿದವರಲ್ಲ. ಈಗ ಆರು ತಿಂಗಳಿಂದ ಅದೇ ಚಟ. ಭತ್ತ ಮಾರಿದ ದುಡ್ಡೂ ಹೋಯ್ತು. ನಾನು ಮಾತು ಬಿಟ್ಟಿದ್ದೇನೆ.

ಉತ್ತರ: ಮಾತು ಬಿಡಬೇಡಿ, ಮೊದಲು ಮಾತ್ರೆ ಚೀಟಿ ತೆಗೆದು ನೋಡಿ. ಪ್ರಾಮಿಪೆಕ್ಸೋಲ್ ಅಥವಾ ರೋಪಿನಿರೋಲ್ ಅಂತ ಇದೆಯಾ? ಈ ಗುಂಪಿನ ಮಾತ್ರೆ ಕೆಲವರಲ್ಲಿ ಜೂಜು, ಸಿಕ್ಕಾಪಟ್ಟೆ ಖರೀದಿ, ತಿನ್ನುವ ಚಪಲ, ಕಾಮದ ಆಸೆ ಹೆಚ್ಚಿಸುತ್ತದೆ. ನಾಚಿಕೆಗೆ ಯಾರೂ ಬಾಯಿಬಿಡುವುದಿಲ್ಲ. ಡೋಸ್ ಇಳಿಸಿದರೆ ಬಹಳ ಜನರಲ್ಲಿ ಕಡಿಮೆ ಆಗುತ್ತದೆ. ಆದರೆ ನೀವಾಗೇ ಮಾತ್ರೆ ನಿಲ್ಲಿಸಬೇಡಿ, ತಟ್ಟನೆ ಬಿಟ್ಟರೆ ಅಪಾಯ. ಈ ವಾರವೇ ಬರೆದುಕೊಟ್ಟ ಡಾಕ್ಟರನ್ನು ಕಾಣಿ. ಅಲ್ಲಿಯವರೆಗೆ ಬ್ಯಾಂಕ್ ಪಾಸ್‌ಬುಕ್, ಎಟಿಎಂ ಕಾರ್ಡ್ ನಿಮ್ಮ ಹತ್ತಿರ ಇರಲಿ. "ಇದು ಮಾತ್ರೆಯ ಕೆಲಸ ಇರಬಹುದಪ್ಪಾ" ಅಂತ ಅವರಿಗೆ ಹೇಳಿಯೇ ತಗೊಳ್ಳಿ, ಕದ್ದು ಬೇಡ.

ಸಿರುಗುಪ್ಪದ ಸದಸ್ಯೆ: ನಸುಗುನ್ನಿ ಬೀಜದ ಪುಡಿ ಕೊಟ್ಟರೆ ಮಾತ್ರೆ ಬೇಕಿಲ್ಲ ಅಂತ ನಮ್ಮೂರಲ್ಲಿ ಹೇಳುತ್ತಾರೆ. ನಿಜವಾ ಮೇಡಂ?

ಉತ್ತರ: ಆ ಬೀಜದಲ್ಲಿ ಲೆವೊಡೋಪಾ, ಅಂದರೆ ಮೆದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಅಂಶ, ಇರುವುದು ನಿಜ, ನಮ್ಮ ಮಾತ್ರೆಯಲ್ಲಿರುವುದೂ ಅದೇ. ತೊಂದರೆ ಏನೆಂದರೆ ಒಂದು ಚಮಚದಲ್ಲಿ ಎಷ್ಟಿದೆ ಅಂತ ಹೇಳಲಾಗುವುದಿಲ್ಲ. ಮಾತ್ರೆ ಜೊತೆ ಅದನ್ನೂ ಕೊಟ್ಟರೆ ಡೋಸ್ ಜಾಸ್ತಿಯಾಗಿ ವಾಂತಿ, ಭ್ರಮೆ, ಕೈಕಾಲು ತಾನಾಗೇ ತಿರುಚಿಕೊಳ್ಳುವುದು ಆಗಬಹುದು. ಈಗಾಗಲೇ ಕೊಡುತ್ತಿದ್ದರೆ ಡಾಕ್ಟರಿಗೆ ತಿಳಿಸಿ, ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಗಂಗಾವತಿಯ ಸದಸ್ಯರು: ಮೇಡಂ, ಮಗಳಿಗೆ ಕಳಿಸಿದೆ, ಓದುತ್ತೇನೆ ಅಂದಿದ್ದಾಳೆ. ಇನ್ನೊಂದು ಕೇಳಬೇಕಿತ್ತು. ಬೆಳಿಗ್ಗೆ ಅವಳು ವಿಡಿಯೋ ಕಾಲ್ ಮಾಡಿದಾಗ ನನಗೆ ಮಾತೇ ಹೊರಡುವುದಿಲ್ಲ. ಮಾತ್ರೆಯನ್ನು ಹಾಲಿನ ಜೊತೆ ತಗೊಳ್ಳುತ್ತೇನೆ.

ಉತ್ತರ: ಹಾಲು ಬೇಡ ಸರ್. ಹಾಲು, ಬೇಳೆ, ಮೊಟ್ಟೆಯ ಪ್ರೋಟೀನ್ ಈ ಮಾತ್ರೆ ಮೈಗೆ ಹತ್ತುವುದನ್ನು ತಡೆಯುತ್ತದೆ. ತಿಂಡಿಗೆ ಅರ್ಧ ಗಂಟೆ ಮುಂಚೆ ಬರೀ ನೀರಿನಲ್ಲಿ ತಗೊಳ್ಳಿ. ಮಾತ್ರೆ ಹಿಡಿಯಲು ಅರ್ಧದಿಂದ ಒಂದು ಗಂಟೆ ಬೇಕು, ಕಾಲ್ ಅದಾದ ಮೇಲೆ ಇಟ್ಟುಕೊಳ್ಳಿ. ಒಂದು ವಾರ ಮಾತ್ರೆ ತಗೊಂಡ ಹೊತ್ತು, ಮೈ ಸಡಿಲವಾದ ಹೊತ್ತು, ಮತ್ತೆ ಬಿಗಿಯಾದ ಹೊತ್ತು ಬರೆದಿಡಿ. ಬರೆಯಲು ಆಗದಿದ್ದರೆ ಮಗಳಿಗೆ ವಾಯ್ಸ್ ಮೆಸೇಜ್ ಹಾಕಿ, ಅವಳು ಬರೆದುಕೊಳ್ಳಲಿ. ಮುಂದಿನ ಭೇಟಿಗೆ ಆ ಹಾಳೆ ತಗೊಂಡು ಹೋದರೆ ಡಾಕ್ಟರಿಗೆ ಡೋಸ್ ಹೊಂದಿಸುವುದು ಸುಲಭ.