ಉಣ್ಣೆ, ಉಣುಗು: ಕರಪತ್ರಕ್ಕೆ ಯಾವ ಪದ ಸರಿ?

ಗೆಳೆಯರೇ, ಕೊಪ್ಪದ ಕಡೆಯ ನಮ್ಮೂರಿನಲ್ಲಿ ಹಂಚಲು ಒಂದು ಕರಪತ್ರ ಬರೆಯುತ್ತಿದ್ದೇನೆ. ದರಗು (ಉದುರಿದ ಒಣ ಎಲೆ), ಸೌದೆ ಅಂತ ಕಾಡಿಗೆ ಹೋಗುವವರು ಮಂಗನ ಕಾಯಿಲೆಯಿಂದ ಹುಷಾರಾಗಿರಲಿ ಎಂದು.

ಆ ಜ್ವರವನ್ನು ಹರಡುವ, ರಕ್ತ ಹೀರುವ ಹುಳಕ್ಕೆ ಮೊದಲು ‘ಉಣ್ಣೆ’ ಎಂದು ಬರೆದೆ. ಅಮ್ಮನಿಗೆ ಓದಿ ಹೇಳಿದರೆ, “ಉಣ್ಣೆ ಹತ್ತೋದು ದನಕ್ಕಲ್ವಾ?” ಅಂದರು. ಅವರ ಕಣ್ಣಿಗೆ ಕಟ್ಟಿದ್ದು ಹಸುವಿನ ಕಿವಿಯಲ್ಲಿ, ಕೆಚ್ಚಲ ಬುಡದಲ್ಲಿ ರಕ್ತ ಕುಡಿದು ಊದಿಕೊಂಡ ಹುಳ. ಆದರೆ ಮನುಷ್ಯರಿಗೆ ಕಾಯಿಲೆ ದಾಟಿಸುವುದು ಜಾಸ್ತಿ ಅದರ ಮರಿಯೇ. ಎಳ್ಳಿಗಿಂತ ಚಿಕ್ಕದು. ಹೋದ ವರ್ಷ ಅಮ್ಮನ ಸೊಂಟದಲ್ಲಿ, ಸೀರೆ ಬಿಗಿದ ಗೆರೆಯಲ್ಲೇ ಒಂದು ಇತ್ತು. ಮಚ್ಚೆ ಅಂದುಕೊಂಡಿದ್ದೆವು. ಟಾರ್ಚ್ ಹಿಡಿದು ನೋಡಿದಾಗ ಕಾಲು ಕಂಡವು. ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದೆ. ಆಮೇಲೆ ಒಂದು ವಾರ, ಜ್ವರ ಬಂದೀತೇನೋ ಎಂದು ದಿನಾ ಹಣೆ ಮುಟ್ಟಿ ನೋಡುತ್ತಿದ್ದೆ. ಸದ್ಯ, ಬರಲಿಲ್ಲ.

ಪೇಟೆಯಲ್ಲಿ ಓದುವ ಮಕ್ಕಳಿಗಂತೂ ಉಣ್ಣೆ ಎಂದರೆ ಸ್ವೆಟರಿನ ನೂಲು. ಹಾಗಾಗಿ ನಮ್ಮ ಕಡೆಯ ‘ಉಣುಗು’ ಪದವನ್ನೇ ಇಟ್ಟುಕೊಂಡಿದ್ದೇನೆ.

ಇನ್ನು ಕ್ರಿಯಾಪದ. ‘ಕಚ್ಚಿದರೆ’ ಎಂದು ಬರೆದರೆ ಓದುವವರು ನೋವಿಗೆ ಕಾಯುತ್ತಾರೆ. ಮರಿ ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಅಮ್ಮನ ಬಾಯಲ್ಲಿ ಬಂದ ‘ಹತ್ತು’ ನನಗೆ ತುಂಬಾ ಹಿಡಿಸಿತು. “ಕಾಡಿನಿಂದ ಬಂದ ಕೂಡಲೇ ಬಿಸಿನೀರಲ್ಲಿ ಮಿಂದು, ಮೈಗೆ ಉಣುಗು ಹತ್ತಿದೆಯಾ ನೋಡಿಕೊಳ್ಳಿ” ಎಂದು ಬರೆದರೆ ಹೇಗೆ? ತೊಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕುವುದು, ಹೋಗುವ ಮುಂಚೆ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚುವುದು, ತುಂಬು ತೋಳಿನ ಅಂಗಿ ತೊಡುವುದು, ದರಗಿನ ಮೇಲೆ ಕೂರದಿರುವುದು, ಇವುಗಳಲ್ಲಿ ಪದದ ತೊಡಕಿಲ್ಲ.

ತೊಡಕಿರುವುದು ‘ಮಂಗನ ಕಾಯಿಲೆ’ಯಲ್ಲಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಗುರುತಿಸಿದ ಕಾಯಿಲೆ ಇದು. ಮಂಗ ಕಚ್ಚಿದರೆ ಬರುತ್ತದೆ ಎಂದೇ ನಮ್ಮೂರಿನ ಹಲವರು ನಂಬಿದ್ದಾರೆ. ಪಾಪ, ಅದು ಸಾಯುವುದೂ ಉಣುಗಿನಿಂದಲೇ. ಸತ್ತ ಮಂಗದ ಸುತ್ತ ಅದರ ಮೈಯಿಂದ ಉದುರಿದ ಉಣುಗು ಇರುತ್ತದೆ, ಅದಕ್ಕೇ ಹತ್ತಿರ ಹೋಗಬಾರದು, ಆರೋಗ್ಯ ಕಾರ್ಯಕರ್ತರಿಗೆ ತಿಳಿಸಬೇಕು. ಬಳಕೆಯ ಹೆಸರನ್ನು ಬಿಡಲಾಗದು. ‘ಉಣುಗಿನಿಂದ ಬರುವ ಮಂಗನ ಕಾಯಿಲೆ’ ಎಂದರೆ ಉದ್ದವಾಯಿತೇ?

ಇನ್ನೊಂದು ಮಾತು. ಈ ಮರಿಗೇ ಅಂತ ನಿಮ್ಮಲ್ಲಿ ಬೇರೆ ಹೆಸರಿದೆಯಾ? ಮೂಡಿಗೆರೆ, ನರಸಿಂಹರಾಜಪುರ, ಸಕಲೇಶಪುರದ ಕಡೆಯವರು ಮನೆಯ ಹಿರಿಯರನ್ನು ಕೇಳಿ ದಯವಿಟ್ಟು ತಿಳಿಸಿ. ನವೆಂಬರಿನಿಂದ ಮರಿಗಳ ಕಾಟ ಶುರು, ಅದಕ್ಕೆ ಮುಂಚೆ ಅಚ್ಚು ಹಾಕಿಸಬೇಕು.