ಗ್ಯಾಸ್ ಗೀಸರ್ ಉರಿ ಹಳದಿ ಆಗಿದೆ, ಬರ್ನರ್ ನಾನೇ ಬಿಚ್ಚಲಾ?

ಪ್ರಶ್ನೆ, ಕಾರವಾರದಿಂದ:
ನಮ್ಮ ಮನೆ ಕೋಡಿಬಾಗದಲ್ಲಿ, ಉಪ್ಪುಗಾಳಿ ಜಾಸ್ತಿ. ಗೀಸರ್ ಹಾಕಿಸಿ 4 ವರ್ಷ ಆಯ್ತು. ಈ ಮಳೆಗಾಲ ಮುಗಿದ ಮೇಲೆ ಉರಿ ನೀಲಿ ಇಲ್ಲ, ತುದಿ ಹಳದಿ. ಹೊತ್ತಿಕೊಳ್ಳುವಾಗ ಭಗ್ ಅಂತ ಸದ್ದು ಬರುತ್ತದೆ. ಮೇಲಿನ ಕಿಂಡಿಯಲ್ಲಿ ಮಸಿ ಕೂತಿದೆ. 72 ವರ್ಷದ ಅಮ್ಮ ಬಾಗಿಲು ಹಾಕಿಕೊಂಡು ಸ್ನಾನ ಮಾಡುತ್ತಾರೆ. ನನಗೆ ಅದೇ ಭಯ.

ಉತ್ತರ, ಶಿರಸಿಯಿಂದ:
ಇವತ್ತಿಂದಲೇ ಆ ಗೀಸರ್ ಹಚ್ಚಬೇಡಿ. ಅಮ್ಮನಿಗೆ ಒಲೆ ಮೇಲೆ ನೀರು ಕಾಯಿಸಿ ಕೊಡಿ. ಉರಿಗೆ ಗಾಳಿ ಸಾಲದಿದ್ದರೆ ಹಳದಿ ಆಗುತ್ತದೆ, ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷದ ಗಾಳಿ ಬರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆ ಸುತ್ತುವಷ್ಟರಲ್ಲಿ ತಡವಾಗಿರುತ್ತದೆ.

ನಾನು ಈ ರಿಪೇರಿ ಕೆಲಸವನ್ನೇ ಮಾಡುತ್ತೇನೆ. ಕರಾವಳಿಯ ಗೀಸರ್‌ಗಳಲ್ಲಿ ಬರ್ನರ್ ತೂತುಗಳಿಗೆ ತುಕ್ಕಿನ ಪುಡಿ ಕಟ್ಟಿರುತ್ತದೆ. ಗಾಳಿ ಎಳೆಯುವ ಬಾಯಲ್ಲಿ ಜೇಡರ ಬಲೆಯೂ ಸಿಗುತ್ತದೆ. ಗ್ಯಾಸ್ ತಡವಾಗಿ ಹೊತ್ತುವುದರಿಂದಲೇ ಆ ಭಗ್ ಸದ್ದು. ಮೇಲೆ ನೀರು ಕಾಯಿಸುವ ತಾಮ್ರದ ರೆಕ್ಕೆಗಳ ಸಂದಿಯಲ್ಲಿ ಮಸಿ ತುಂಬಿದರೆ ಹೊಗೆ ಹೊರಗೆ ಹೋಗುವುದಿಲ್ಲ. ಅದನ್ನೂ ತೊಳೆಸಿ. ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಜೆಟ್‌ಗೆ ಮಾತ್ರ ಪಿನ್ನು ಚುಚ್ಚಬೇಡಿ, ತೂತು ದೊಡ್ಡದಾದರೆ ಗ್ಯಾಸ್ ಜಾಸ್ತಿ ಹರಿಯುತ್ತದೆ. ಬಿಚ್ಚುವುದು ಕಲಿತವರ ಕೆಲಸ.

ಉತ್ತರ, ಕುಮಟಾದಿಂದ:
ಜೋಡಿಸಿದ ಮೇಲೆ ಗ್ಯಾಸ್ ಪೈಪಿನ ಕೀಲುಗಳಿಗೆ ಸೋಪಿನ ನೀರು ಹಚ್ಚಿ ನೋಡಿಸಿ. ಗುಳ್ಳೆ ಬಂದರೆ ಸೋರಿಕೆ. ಗ್ಯಾಸ್ ವಾಸನೆ ಬಂದರೆ ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ. ನಾವು ಗೀಸರನ್ನೇ ಬಚ್ಚಲಿನಿಂದ ಹೊರಗಿನ ಜಗಲಿಗೆ ಹಾಕಿಸಿದೆವು.

ಕೇಳಿದವರು:
ರೆಗ್ಯುಲೇಟರ್ ಬಂದ್ ಮಾಡಿದೆ. ನಾಳೆ ಮೆಕ್ಯಾನಿಕ್ ಬರುತ್ತಾರೆ. ಹೊರಗೆ ಹಾಕಿಸುವುದನ್ನೂ ಕೇಳುತ್ತೇನೆ.