ಅಪ್ಪನ ಹಣ ಅಪ್ಪನಿಗೇ ಖರ್ಚು ಮಾಡಲು ಕೋರ್ಟಿಗೆ ಹೋಗಬೇಕಂತೆ. ಫೀ ಎಷ್ಟಾದೀತು?

ನೀರ್ಚಾಲಿನ ಮಗಳು:

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಕಡೆಯವರು ಯಾರಾದರೂ ಈ ದಾರಿಯಲ್ಲಿ ಹೋಗಿ ಬಂದಿದ್ದರೆ ದಯವಿಟ್ಟು ಹೇಳಿ.

ನನ್ನ ಅಪ್ಪನಿಗೆ ಎಪ್ಪತ್ತಾರು ವರ್ಷ. ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಮೇಷ್ಟ್ರಾಗಿದ್ದವರು. ನಾಲ್ಕು ವರ್ಷದಿಂದ ಮರೆವಿನ ಕಾಯಿಲೆ. ಮೊದಲು ಅಂಗಡಿಯಿಂದ ಮನೆಗೆ ಬರುವ ದಾರಿ ತಪ್ಪಿತು, ಆಮೇಲೆ ನಮ್ಮ ಹೆಸರುಗಳು. ಈಗ ಕೈಗೆ ಪೆನ್ನು ಕೊಟ್ಟರೆ ಅದರ ಯಾವ ತುದಿಯಿಂದ ಬರೆಯುವುದೆಂದು ಗೊತ್ತಾಗುವುದಿಲ್ಲ.

ಅವರ ಒಬ್ಬರದೇ ಹೆಸರಿನಲ್ಲಿ ಆರು ಲಕ್ಷದ ಎಫ್‌ಡಿ ಇದೆ. ಮೇ ತಿಂಗಳಲ್ಲಿ ಅವಧಿ ಮುಗಿಯಿತು. ನಾಮಿನಿ ಅಮ್ಮ. ಆದರೆ ನಾಮಿನಿಗೆ ಹಕ್ಕು ಬರುವುದು ಅಪ್ಪ ತೀರಿಹೋದ ಮೇಲೆ, ಬದುಕಿರುವಾಗ ಅಲ್ಲ ಎಂದು ಬ್ಯಾಂಕಿನವರು ಹೇಳಿದರು. ಅಮ್ಮ ಅದನ್ನು ಕೇಳಿ ಬ್ಯಾಂಕಿನ ಬೆಂಚಿನ ಮೇಲೆಯೇ ಅತ್ತರು. ಹೋಂ ನರ್ಸಿಗೆ ತಿಂಗಳಿಗೆ ಇಪ್ಪತ್ತೆರಡು ಸಾವಿರ, ಮದ್ದು, ಡಯಾಪರ್ ಬೇರೆ. ಅಣ್ಣ ದುಬೈಯಿಂದ ಕಳಿಸುತ್ತಾನೆ, ತಮ್ಮ ಬೆಂಗಳೂರಿನಿಂದ ಆದಷ್ಟು ಕೊಡುತ್ತಾನೆ. ತೋಟ ಒಂದು ಎಕ್ರೆ ನಲ್ವತ್ತು ಸೆಂಟ್ಸ್, ಈ ಸಲ ಕೊಳೆರೋಗದಿಂದ ಅರ್ಧ ಅಡಿಕೆ ಉದುರಿತು.

ಮ್ಯಾನೇಜರು ಹೇಳಿದ್ದು ಒಂದೇ ಮಾತು: ಅಪ್ಪನ ಪರವಾಗಿ ವ್ಯವಹರಿಸಲು ಕೋರ್ಟಿನಿಂದ ಗಾರ್ಡಿಯನ್ ಆರ್ಡರ್ ತನ್ನಿ. ವಕೀಲರೊಬ್ಬರನ್ನು ಕಂಡೆವು. “ಕೋರ್ಟು ಫೀ ಎಲ್ಲ ಸೇರಿ ಎಪ್ಪತ್ತೈದು ಸಾವಿರ” ಎಂದರು. ಜಾಗದ ದಾವೆಗೆ ಬೆಲೆಯ ಮೇಲೆ ಫೀ ಕಟ್ಟಬೇಕೆಂದು ಕೇಳಿದ್ದೇನೆ. ಇದಕ್ಕೂ ಹಾಗೆಯೋ? ಅಪ್ಪನ ತೋಟ, ಮನೆ, ಎಫ್‌ಡಿ ಎಲ್ಲದರ ಬೆಲೆ ಕೂಡಿಸಿ ಕಟ್ಟಬೇಕೋ? ಪ್ರತಿ ವರ್ಷ ಕಟ್ಟಬೇಕೋ?

ಹೆಬ್ಬೆಟ್ಟು ಒತ್ತಿಸಿ ಮುಗಿಸಿ ಎಂದು ಹತ್ತಿರದವರೇ ಹೇಳುತ್ತಿದ್ದಾರೆ. ಓದದ ಕಾಗದಕ್ಕೆ ಸಾಕ್ಷಿ ಸಹಿಯನ್ನೂ ಹಾಕದಿದ್ದ ಮನುಷ್ಯ ನನ್ನ ಅಪ್ಪ. ಅವರ ಕೈ ಹಿಡಿದು ಮಸಿಗೆ ಅದ್ದಲು ನನ್ನಿಂದ ಆಗುವುದಿಲ್ಲ.

ಬೋವಿಕ್ಕಾನ 62:

ತಂಗೀ, ಅಷ್ಟು ದೂರ ಯಾಕೆ? ನಿಮ್ಮ ತಂದೆ ಸರಿಯಿದ್ದಾಗ ನಿಮಗೋ ಅಣ್ಣನಿಗೋ ಮುಖ್ತ್ಯಾರನಾಮೆ (ಪವರ್ ಆಫ್ ಅಟಾರ್ನಿ) ಕೊಟ್ಟಿರಬಹುದಲ್ಲ, ಹುಡುಕಿ ನೋಡಿ. ನಮ್ಮ ಮಾವನದು ಹಾಗೇ ನಡೆಯಿತು.

ಹಳೆ ಗುಮಾಸ್ತ:

ನಾನು ಕಾಸರಗೋಡಿನಲ್ಲಿ ವಕೀಲರೊಬ್ಬರ ಹತ್ತಿರ ಇಪ್ಪತ್ತೆಂಟು ವರ್ಷ ಗುಮಾಸ್ತನಾಗಿದ್ದೆ. ಮೇಲಿನವರ ಮಾತಿಗೆ ಮೊದಲು ಉತ್ತರ. 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದ ದಿನವೇ ಮುಖ್ತ್ಯಾರನಾಮೆಯ ಜೀವ ಹೋಗುತ್ತದೆ. ಆಮೇಲೆ ಅದನ್ನು ಹಿಡಿದು ಹಣ ತೆಗೆದರೆ ನಾಳೆ ಪಾಲುದಾರರಲ್ಲಿ ಒಬ್ಬರು ಪ್ರಶ್ನೆ ಎತ್ತಿದರೂ ಕಷ್ಟ. ಹೆಬ್ಬೆಟ್ಟಿನ ವಿಷಯವೂ ಅಷ್ಟೇ. ಕೈ ನಡುಗುವವರು, ಹಾಸಿಗೆ ಹಿಡಿದವರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ದಾರಿ ಇದೆ. ಆದರೆ ಅದು ಮನಸ್ಸು ಸರಿಯಿದ್ದು ದೇಹ ಸೋತವರಿಗೆ. ನೀವು ಒಪ್ಪದಿದ್ದದ್ದು ಒಳ್ಳೆಯದಾಯಿತು ಮಗಳೇ.

ಈಗ ಫೀ. ಭಯಬೇಡ, ಆಸ್ತಿಯ ಬೆಲೆಯ ಮೇಲಲ್ಲ. ನೀವು ಯಾರ ಮೇಲೂ ಆಸ್ತಿ ಕೇಳಿ ದಾವೆ ಹೂಡುತ್ತಿಲ್ಲ, ಅಪ್ಪನ ಪರವಾಗಿ ನಡೆಯಲು ಅನುಮತಿ ಕೇಳುತ್ತಿದ್ದೀರಿ. ನಿಮ್ಮದು ಹೈಕೋರ್ಟಿನಲ್ಲಿ ರಿಟ್ ಅರ್ಜಿಯಾಗುತ್ತದೆ, ಅಂದರೆ ಸಂವಿಧಾನ ಕೊಟ್ಟ ಅಧಿಕಾರದಿಂದ ಆದೇಶ ಕೊಡಿ ಎಂದು ನೇರ ಹೈಕೋರ್ಟನ್ನೇ ಕೇಳುವ ಅರ್ಜಿ. ಅದಕ್ಕೆ ನಿಗದಿತ ಫೀ, ಒಂದೇ ಸಲ. ಮೊತ್ತವನ್ನು ಫೈಲಿಂಗ್ ಕೌಂಟರಿನಲ್ಲಿ ಕೇಳಿ, ಈಚಿನ ಬಜೆಟ್ಟುಗಳಲ್ಲಿ ಏರಿದೆ, ನನ್ನ ಕಾಲದ ಲೆಕ್ಕ ಹಿಡಿಯಬೇಡಿ. ಏನೇ ಇರಲಿ, ಎಪ್ಪತ್ತೈದು ಸಾವಿರದಲ್ಲಿ ಅದರ ಪಾಲು ಬಹಳ ಸಣ್ಣದು. ಉಳಿದದ್ದು ವಕೀಲರ ಸಂಭಾವನೆ. ಅದು ತಪ್ಪೆನ್ನುವುದಿಲ್ಲ, ಆದರೆ ಎರಡನ್ನೂ ಬೇರೆಬೇರೆ ಬರೆದುಕೊಡಿ ಎಂದು ಕೇಳುವ ಹಕ್ಕು ನಿಮಗಿದೆ.

ಜಿಲ್ಲಾ ಕೋರ್ಟು ಕಣ್ಣೆದುರೇ ಇರುವಾಗ ಹೈಕೋರ್ಟು ಯಾಕೆ ಎಂದು ಕೇಳಬಹುದು. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇಂಥವರ ಆಸ್ತಿ ನೋಡಿಕೊಳ್ಳಲು ಜಿಲ್ಲಾ ಕೋರ್ಟು ಮ್ಯಾನೇಜರನ್ನು ನೇಮಿಸುವ ಅಧ್ಯಾಯವೇ ಇತ್ತು. ನಾನೇ ಅಂಥ ಕೇಸಿನ ಕಟ್ಟುಗಳನ್ನು ಕಟ್ಟಿದ್ದೇನೆ. 2017ರ ಹೊಸ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂದಾಗ ಹಳೆಯದು ಹೋಯಿತು, ಆಸ್ತಿಯ ಅಧ್ಯಾಯ ಹೊಸದರಲ್ಲಿ ಬರಲಿಲ್ಲ. ಅದರಲ್ಲಿರುವ ನಾಮನಿರ್ದೇಶಿತ ಪ್ರತಿನಿಧಿ ಚಿಕಿತ್ಸೆಯ ವಿಷಯಕ್ಕೆ ಮಾತ್ರ, ಬ್ಯಾಂಕಿಗಲ್ಲ. ಕಾನೂನಿನ ಈ ತೂತಿಗೆ ತೇಪೆ ಹಾಕುತ್ತಿರುವುದು ಹೈಕೋರ್ಟುಗಳು, ಸಂವಿಧಾನದ 226ನೇ ವಿಧಿಯ ಬಲದಿಂದ. ಕೇರಳದಲ್ಲಿ 2019ರ ಶೋಭಾ ಗೋಪಾಲಕೃಷ್ಣನ್ ಪ್ರಕರಣದ ತೀರ್ಪು ಇದಕ್ಕೆ ಕ್ರಮ ಹಾಕಿಕೊಟ್ಟಿದೆ. ಅದು ಕೋಮಾದಲ್ಲಿದ್ದವರ ಪ್ರಕರಣ. ಮರೆವಿನ ಕಾಯಿಲೆಯಾದರೂ ವಕೀಲರು ಅದನ್ನೇ ಮುಂದಿಟ್ಟು ವಾದಿಸುತ್ತಾರೆ.

ಮುಖ್ಯವಾದ ಒಂದು ಮಾತು. ಅರ್ಜಿ ಅಮ್ಮನ ಹೆಸರಲ್ಲಿ ಹಾಕಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನಿನಲ್ಲಿ ಹೆಂಗಸರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಇದೆ. ವಕೀಲರನ್ನೂ ಕೊಡುತ್ತಾರೆ, ಕೋರ್ಟು ಫೀಯೂ ಅದರಲ್ಲಿ ಸೇರಿದೆ. ವಿದ್ಯಾನಗರದ ಕೋರ್ಟು ಆವರಣದಲ್ಲಿ ಜಿಲ್ಲಾ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೈಕೋರ್ಟಿಗೆ ಎರ್ನಾಕುಳಂನಲ್ಲಿ ಬೇರೆ ಸಮಿತಿ ಇದೆ, ಇಲ್ಲಿಂದಲೇ ದಾರಿ ತೋರಿಸುತ್ತಾರೆ.

ಪೆರ್ಲದ ಅಮ್ಮ:

ನನ್ನ ಮಗನಿಗೆ ಇಪ್ಪತ್ತೇಳು. ಹುಟ್ಟಿನಿಂದ ಬುದ್ಧಿ ಬೆಳೆದಿಲ್ಲ, ಮಾತಿಲ್ಲ. ನಮ್ಮದು ಎಣ್ಮಕಜೆ ಪಂಚಾಯತು, ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು, ಬೇರೆ ಹೇಳಬೇಕಾಗಿಲ್ಲ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಐದು ಲಕ್ಷ ಪರಿಹಾರ ಕೊಡಿ ಎಂದ ಮೇಲೆ, ತಡವಾಗಿಯಾದರೂ ಅವನ ಖಾತೆಗೆ ಹಣ ಬಂತು. ಆದರೆ ಹದಿನೆಂಟು ದಾಟಿದವನು, ತಾಯಿಯ ಸಹಿ ನಡೆಯುವುದಿಲ್ಲ ಎಂದರು.

ನಮಗೆ ಕೋರ್ಟು ಬೇಕಾಗಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಜಿಲ್ಲಾಧಿಕಾರಿ ಮಟ್ಟದ ಸ್ಥಳೀಯ ಸಮಿತಿ ಇದೆ, ಅದೇ ಗಾರ್ಡಿಯನ್ ಸರ್ಟಿಫಿಕೇಟು ಕೊಡುತ್ತದೆ. ಕೋರ್ಟು ಫೀ ಎಂಬುದೇ ಇಲ್ಲ. ನಮ್ಮ ಖರ್ಚು ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರ, ಫೋಟೊ, ವಿದ್ಯಾನಗರಕ್ಕೆ ಮೂರು ಸಲ ಜೀಪು. ಮಗ ಬಸ್ಸಿನಲ್ಲಿ ಕೂರುವುದಿಲ್ಲ. ಆದರೆ ತಂಗೀ, ಆ ಕಾಯ್ದೆ ನಾಲ್ಕು ಬಗೆಯವರಿಗೆ ಮಾತ್ರ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ. ನಿಮ್ಮ ಅಪ್ಪನ ಕಾಯಿಲೆ ಅದರಲ್ಲಿಲ್ಲ. ಇದನ್ನು ಇಲ್ಲಿ ಬರೆದದ್ದು ನಮ್ಮಂಥ ತಾಯಂದಿರು ಓದಿದರೆ ಸುಮ್ಮನೆ ವಕೀಲರ ಮನೆಗೆ ಹೋಗಬಾರದಲ್ಲ ಎಂದು.

ಸರ್ಟಿಫಿಕೇಟು ಸಿಕ್ಕಿ ಆರು ತಿಂಗಳೊಳಗೆ ಅವನ ಆಸ್ತಿ, ಸಾಲ ಎಲ್ಲದರ ಪಟ್ಟಿ ಕೊಡಬೇಕು. ಮಾರ್ಚಿಗೆ ವರ್ಷ ಮುಗಿದ ಮೇಲೆ ಮೂರು ತಿಂಗಳಲ್ಲಿ ಲೆಕ್ಕ ಒಪ್ಪಿಸಬೇಕು. ನಾನು ಒಂದು ನೋಟುಪುಸ್ತಕ ಇಟ್ಟಿದ್ದೇನೆ, ಅವನ ಹಣದಿಂದ ತಂದ ಫಿಟ್ಸಿನ ಮಾತ್ರೆಯೂ ಅದರಲ್ಲಿದೆ. ನೀವೂ ಇಂದಿನಿಂದಲೇ ಬರೆದಿಡಿ. ನಾನು ಅರ್ಜಿ ಕನ್ನಡದಲ್ಲೇ ಕೊಟ್ಟೆ. ಒಬ್ಬರು ಮಲಯಾಳದಲ್ಲಿ ತನ್ನಿ ಎಂದರು, ನಾನು ಕದಲಲಿಲ್ಲ, ತೆಗೆದುಕೊಂಡರು.

ಉಪ್ಪಳದಿಂದ:

ನನ್ನ ಗಂಡನಿಗೆ ಬೈಕ್ ಅಪಘಾತವಾಗಿ ತಲೆಗೆ ಪೆಟ್ಟು ಬಿದ್ದು ಎಚ್ಚರವೇ ಬರಲಿಲ್ಲ. ಹೈಕೋರ್ಟಿಗೆ ಹೋದೆ. ಗುಮಾಸ್ತರು ಹೇಳಿದ ಆ ತೀರ್ಪಿನ ಕ್ರಮವೇ ನಡೆಯಿತು: ನರರೋಗ ತಜ್ಞರಿದ್ದ ಮೆಡಿಕಲ್ ಬೋರ್ಡು ನೋಡಿತು, ತಹಶೀಲ್ದಾರರು ಮನೆಗೇ ಬಂದು ಆಸ್ತಿ, ಮಕ್ಕಳು, ನೋಡಿಕೊಳ್ಳುವವರು ಯಾರು ಎಂದು ವಿಚಾರಿಸಿ ವರದಿ ಕೊಟ್ಟರು. ಅವರು ಬರುವ ಹೊತ್ತಿಗೆ ಆಧಾರ, ನಿಕುತಿ (ಭೂತೆರಿಗೆ) ರಶೀದಿ, ಪಾಸ್‌ಬುಕ್ಕು ಒಂದೇ ಫೈಲಿನಲ್ಲಿರಲಿ. ಈಗ ಆರು ತಿಂಗಳಿಗೊಮ್ಮೆ ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್ ಅವರಿಗೆ ವರದಿ ಕಳಿಸುತ್ತೇನೆ.

ನನ್ನಿಂದಾದ ಒಂದು ತಪ್ಪು ನಿಮ್ಮಿಂದ ಆಗಬಾರದು. ಅರ್ಜಿಯಲ್ಲಿ ಒಂದು ಖಾತೆಯ ನಂಬರು ಬಿಟ್ಟುಹೋಗಿತ್ತು. ಆರ್ಡರಿನಲ್ಲಿ ಆ ನಂಬರು ಇಲ್ಲ ಎಂದು ಬ್ಯಾಂಕು ಮುಟ್ಟಲಿಲ್ಲ, ಮತ್ತೆ ಅರ್ಜಿ, ಮತ್ತೆ ನಾಲ್ಕು ತಿಂಗಳು. ಎಫ್‌ಡಿ, ಪೆನ್ಷನ್ ಖಾತೆ, ತೋಟದ ಸರ್ವೆ ನಂಬರು, ಎಲ್ಲವನ್ನೂ ಬರೆಸಿ. ಯಾವುದಕ್ಕೆ ಖರ್ಚು ಎಂಬುದನ್ನೂ ಬರೆಸಿ.

ಕುಂಬಳೆ ಅಕ್ಕ:

ನನ್ನ ತಂಗಿ ಇಂಗ್ಲೆಂಡಿನಲ್ಲಿ ವೃದ್ಧರ ಆರೈಕೆ ಕೇಂದ್ರದಲ್ಲಿ ನರ್ಸು. ಅಲ್ಲಿ ಇದಕ್ಕೆಂದೇ ಕೋರ್ಟ್ ಆಫ್ ಪ್ರೊಟೆಕ್ಷನ್ ಇದೆ. ಅರ್ಜಿಗೇ ನಾನೂರು ಪೌಂಡಿಗೂ ಹೆಚ್ಚು, ಆಮೇಲೆ ಮೇಲ್ವಿಚಾರಣೆಗೆ ವರ್ಷವರ್ಷ ಬೇರೆ ಫೀ. ಆದರೆ ಅದು ಕಾಯಿಲೆಯವರ ಹಣದಿಂದಲೇ ಹೋಗುತ್ತದೆ, ಬಡವರಿಗೆ ರಿಯಾಯಿತಿ ಇದೆ. ಬುದ್ಧಿ ಸರಿಯಿರುವಾಗಲೇ ಒಬ್ಬರನ್ನು ಗೊತ್ತುಮಾಡಿ, ಮರೆವು ಬಂದ ಮೇಲೂ ನಡೆಯುವಂಥ ಪತ್ರ ಬರೆದಿಡಲೂ 2005ರ ಕಾಯ್ದೆಯಲ್ಲಿ ಅವಕಾಶವಿದೆ. ನಮ್ಮಲ್ಲಿ ಅಂಥದ್ದು ಯಾವಾಗ ಬರುತ್ತದೋ. ಎಷ್ಟು ಮನೆಗಳ ಕಷ್ಟ ಕಡಿಮೆಯಾಗುತ್ತಿತ್ತು.

ನೀರ್ಚಾಲಿನ ಮಗಳು:

ಎಲ್ಲರಿಗೂ ಕೈಮುಗಿಯುತ್ತೇನೆ. ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಫೀ ಆಸ್ತಿಯ ಬೆಲೆಯ ಮೇಲಲ್ಲ ಎಂಬ ಸಾಲನ್ನು ಎರಡು ಸಲ ಓದಿಸಿದರು. ತೋಟ ಮಾರಬೇಕಾದೀತೆಂದು ಇಷ್ಟು ದಿನ ಒಳಗೊಳಗೇ ಹೆದರಿದ್ದರಂತೆ, ನನಗೆ ಹೇಳಿರಲಿಲ್ಲ.

ಸೋಮವಾರ ಅಮ್ಮನನ್ನು ಕರೆದುಕೊಂಡು ವಿದ್ಯಾನಗರಕ್ಕೆ ಹೋಗುತ್ತೇವೆ. ಪೆರ್ಲದ ಅಕ್ಕಾ, ನೋಟುಪುಸ್ತಕ ಶುರುಮಾಡಿದೆ. ಅಪ್ಪನ ಮೇಜಿನ ಡ್ರಾಯರಿನಲ್ಲಿ ಖಾಲಿ ಹಾಜರಿ ಪುಸ್ತಕವೊಂದಿತ್ತು, ಅದರಲ್ಲೇ.

ಗುಮಾಸ್ತರೇ, ಒಂದು ಸಂಶಯ ಉಳಿದಿದೆ. ಅಮ್ಮನ ಅರ್ಜಿಗೆ ಮಕ್ಕಳ ಒಪ್ಪಿಗೆಯನ್ನೂ ಸೇರಿಸಬೇಕೆಂದಿದ್ದೇವೆ. ತಮ್ಮ ಬಂದು ಸಹಿ ಹಾಕುತ್ತಾನೆ. ಅಣ್ಣನ ಒಪ್ಪಿಗೆ ಪತ್ರ ದುಬೈಯಿಂದ ವಾಟ್ಸಾಪಿನಲ್ಲಿ ಬಂದರೆ ಸಾಕೇ?

ಹಳೆ ಗುಮಾಸ್ತ:

ಸಾಲದು. ಅಲ್ಲಿನ ನಮ್ಮ ಕಾನ್ಸುಲೇಟಿನಲ್ಲಿ ಅಧಿಕಾರಿಯ ಮುಂದೆ ಸಹಿ ಹಾಕಿ, ದೃಢೀಕರಿಸಿದ ಮೂಲ ಪ್ರತಿಯನ್ನೇ ಕೊರಿಯರ್ ಮಾಡಲಿ. ಪಾಸ್‌ಪೋರ್ಟಿನಲ್ಲಿರುವ ಹೆಸರೂ ಅಪ್ಪನ ದಾಖಲೆಗಳಲ್ಲಿ ಅವನ ಹೆಸರು ಇರುವ ರೀತಿಯೂ ಒಂದೇ ಆಗಿದೆಯೇ ಎಂದು ಮೊದಲು ನೋಡಿಕೊಳ್ಳಿ. ನಮ್ಮ ಕಡೆ ಮನೆಹೆಸರು ಹಿಂದುಮುಂದಾಗಿ ನಿಂತುಹೋದ ಕಟ್ಟುಗಳು ಬಹಳ.